ಬರೀ ಜಾಲಿ

ಸಂಗನಬಸವ,

ಕಡಿಯುವವರಿಗೆ ಕೊಡುವ ಮೊದಲು ನಿನ್ನ ಚೀಟಿಯನ್ನು ನಾನೂ ಓದಿದ್ದೆ. ಇದೊಂದನ್ನು ಬರೆಯದೆ ಬಿಡುವವಳಿದ್ದೆ.

ಬೀಜಕ್ಕಾಗಿ ಮೊದಲು ಉಳಿಸಬೇಕಾದ ಮರ ಕರಿಜಾಲಿ ಎಂದು ನಾವಿಬ್ಬರೇ ತೀರ್ಮಾನಿಸಿದ್ದೆವು. ಕಡಿಯುವವರ ಚೀಟಿಯಲ್ಲಿ ಮಾತ್ರ ನೀನು, ಕಡಿಯಬೇಕಿದ್ದ ಕಳೆ ಬಳ್ಳಾರಿ ಜಾಲಿಯನ್ನು ಬರೀ ‘ಜಾಲಿ’ ಎಂದು ಬರೆದುಕೊಟ್ಟು ವರ್ಗವಾಗಿ ಹೋದೆ. ಇವತ್ತು ಬೀಜ ತರಲು ಸಂತೆಕಲ್ಲೂರಿಗೆ ಹೋದರೆ ಹನ್ನೊಂದು ಕರಿಜಾಲಿಗಳ ಬುಡವಷ್ಟೇ ಉಳಿದಿತ್ತು. ಬಳ್ಳಾರಿ ಜಾಲಿ ಆಗಲೇ ಮತ್ತೆ ಚಿಗುರಿತ್ತು.

ಆಡು ಕಾಯುವ ಆದೆಮ್ಮ ಕೇಳಿದಳು: “ಯಾವ ಜಾಲಿ ಅಂತ ಬರಿಯಾಕ ಮಸಿ ಸಾಲಲಿಲ್ಲೇನ್ರೀ ಮೇಡಂ? ನನ್ನ ಆಡು ಇನ್ನ ನಿಮ್ಮ ಚೀಟಿ ತಿನ್ನಬೇಕೇನು?”

“ಬರೆದದ್ದು ನಾನಲ್ಲ” ಎಂದೆ. ಅದು ನಿಜ. ಆದರೂ ಅವಳ ಮುಖ ನೋಡಲಾಗಲಿಲ್ಲ. ಅದಕ್ಕೂ ನಿನ್ನನ್ನೇ ದೂರುತ್ತೇನೆ.

ಜೂನ್ ಒಂಬತ್ತಕ್ಕೆ ಮಸ್ಕಿಯಲ್ಲಿ ಇಲಾಖೆಯ ವಿಚಾರಣೆ. ಅಲ್ಲಿ ನಿನ್ನ ಹೆಸರೊಂದನ್ನೇ ಹೇಳುತ್ತೇನೆ. ಈ ಪತ್ರವನ್ನು ಅಂಚೆಗೆ ಹಾಕುವುದು ಜೂನ್ ಹತ್ತಕ್ಕೆ.