ಹನ್ನೆರಡು ಹತ್ತರ ಗೆರೆ

ರಾಚೆಸ್ಟರ್
ಮಂಗಳವಾರ, ೧೪ ಮಾರ್ಚ್ ೧೯೭೮

ಅಲ್ವಿನ್,

‘ಪ್ರಿಯ’ ಎಂದು ಬರೆದು ಹೊಡೆದುಹಾಕಿದ್ದೇನೆ. ನಿನಗೆ ಕಂಡೇ ಕಾಣುತ್ತದೆ, ಇರಲಿ. ಗಂಡಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ನಾನು ಅಕ್ಕನ ಮನೆ ಸೇರಿ ಎಂಟು ವಾರ ಉಂಡಿದ್ದೂ ಆಯಿತು, ಮಲಗಿದ್ದೂ ಆಯಿತು. ಇನ್ನು ನಿನ್ನ ಮುಖ ನೋಡುವುದಿಲ್ಲ ಎಂದು ಹೇಳಿ ಬಂದವಳು ನಾನೇ. ಹಾಗಾಗಿ ಈ ಕಾಗದ.

ಇವತ್ತು ಊಟದ ಹೊತ್ತಿನಲ್ಲಿ ನಮ್ಮ ಮೇಲಧಿಕಾರಿ ಮಿಸ್ ಕೀಫರ್ ಬೆನ್ನು ತಟ್ಟಿ, “ಬರ್ನಿಸ್, ನೀನು ಮಾಡಿಕೊಟ್ಟ ಬಣ್ಣದಲ್ಲಿ ನಿನ್ನ ಗಂಡ ದೊಡ್ಡದೇನೋ ಹಿಡಿದಿದ್ದಾನಂತೆ ಕಣೆ. ಶುಕ್ರವಾರ ಇನ್ನೂರು ಜನರ ಮುಂದೆ ಓದ್ತಾನಂತೆ” ಎಂದರು. ನಿನ್ನ ಪ್ರಬಂಧವನ್ನೂ ಕೈಗಿಟ್ಟರು. ಓದುತ್ತ ಓದುತ್ತ ನನ್ನ ಸೂಪು ತಣ್ಣಗಾಯಿತು.

ನಾನು ಮಾಡಿಕೊಡುವ ಆ ಬಣ್ಣದ, ಅಂದರೆ ನಮ್ಮ ಸಾವಯವ ಅರೆವಾಹಕದ, ಪದರ ಕತ್ತಲಲ್ಲಿ ಕರೆಂಟನ್ನು ತಡೆಯುತ್ತದೆ, ಬೆಳಕು ಬಿದ್ದರೆ ಹರಿಯಬಿಡುತ್ತದೆ. ನಕಲು ಯಂತ್ರದ ಡ್ರಮ್ಮಿಗೆ ಅದನ್ನು ಬಳಿಯುವುದೇ ಅದಕ್ಕೆ. ಆದರೆ ನಿನ್ನ ಕತ್ತಲಕೋಣೆಯಲ್ಲಿ ದಿನವೂ ಹನ್ನೆರಡು ಹತ್ತಕ್ಕೆ, ಬೆಳಕೇ ಇಲ್ಲದೆ, ಕರೆಂಟು ಅಳೆಯುವ ಯಂತ್ರದ ಸುರುಳಿ ಕಾಗದದ ಮೇಲೆ ಗೆರೆ ಗುಡ್ಡದ ಹಾಗೆ ಎದ್ದು ಮೆಲ್ಲಗೆ ಇಳಿಯುತ್ತದಂತೆ. ಅದಕ್ಕೆ ಹನ್ನೊಂದು ಪುಟ ಸಿದ್ಧಾಂತ ಕಟ್ಟಿದ್ದೀಯ. ‘ಶನಿವಾರ, ಭಾನುವಾರ ವಸ್ತು ವಿಶ್ರಮಿಸುತ್ತದೆ’ ಎಂದು ಬರೆಯುವಾಗಲಾದರೂ ಅನುಮಾನ ಬರಬಾರದಿತ್ತೇ?

ವಸ್ತುವಲ್ಲ ಮಾರಾಯ, ನಾನು. ಶನಿವಾರ, ಭಾನುವಾರ ನನಗೆ ರಜೆ. ಮಾರ್ಚ್ ಎಂಟರಂದು ಗೆರೆ ಏಳದ್ದಕ್ಕೆ ಕಲಬೆರಕೆ ಕಾರಣ ಎಂದಿದ್ದೀಯ. ಅವತ್ತು ನನಗೆ ಜ್ವರ. ದಿನವೂ ಊಟಕ್ಕೆ ಹೋಗುವಾಗ ನಿನ್ನ ಬಾಗಿಲನ್ನು ಎರಡು ಬೆರಳಷ್ಟು ತೆರೆಯುತ್ತೇನೆ. ನೀನು ಬಾಗಿಲಿಗೆ ಬೆನ್ನು ಹಾಕಿ ಕೆಂಪು ದೀಪದ ಮಂಕಿನಲ್ಲಿ ಸ್ಯಾಂಡ್‌ವಿಚ್ ತಿನ್ನುತ್ತಿರುತ್ತೀಯ. ಕೆಂಪು ಬೆಳಕು ಪದರಕ್ಕೆ ಲೆಕ್ಕಕ್ಕಿಲ್ಲ, ಕಾರಿಡಾರಿನ ಬಿಳಿ ಬೆಳಕು ಸಾಕು. ಮಾದರಿ ಇಡುವ ಪೆಟ್ಟಿಗೆಯ ಮುಚ್ಚಳ ಸರಿಯಾಗಿ ಕೂರುವುದಿಲ್ಲ ಎಂದು ಹೋದ ವರ್ಷವೇ ಹೇಳಿದ್ದೆ.

ನಾನು ಇಣುಕುವುದು ಸೀಸೆಯಲ್ಲಿ ಬಣ್ಣ ಎಷ್ಟು ಉಳಿದಿದೆ ಎಂದು ನೋಡಲು. ಬೇರೇನಿಲ್ಲ. ಮಾದರಿಗಳನ್ನು ತಂದು ಮನೆಯ ಫ್ರಿಜ್ಜಿನಲ್ಲಿಟ್ಟು, ಅದರ ಬಲ್ಬು ಕಿತ್ತು, “ಬೆಣ್ಣೆ ಎಲ್ಲಿದೆ ಅಂತ ಗೊತ್ತಿರೋಳಿಗೆ ದೀಪ ಯಾಕೆ?” ಎಂದ ಗಂಡನನ್ನು ನೋಡಲು ಯಾರಿಗೆ ಆಸೆ? ಆ ಸಿಟ್ಟು ಇನ್ನೂ ಇಳಿದಿಲ್ಲ.

ನಾನು ಬಾಯಿ ಮುಚ್ಚಿಕೊಂಡಿದ್ದರೆ ನನ್ನ ಮಾನ ಉಳಿಯುತ್ತಿತ್ತು, ಶುಕ್ರವಾರ ನಿನ್ನದು ಹೋಗುತ್ತಿತ್ತು. ಎರಡು ಗಂಟೆ ಯೋಚಿಸಿದೆ. ಇನ್ನೂರು ಜನ ನಿನ್ನನ್ನು ನೋಡಿ ನಗುವುದನ್ನು ನನ್ನಿಂದ ಸಹಿಸಲಾಗದು. ಆ ಹಕ್ಕು ನನ್ನೊಬ್ಬಳದು. ಪ್ರಬಂಧ ವಾಪಸು ತೆಗೆದುಕೋ. ಮುಚ್ಚಳದ ಸಂದಿಯಿಂದ ಬೆಳಕು ನುಗ್ಗಿತು ಎಂದಷ್ಟೇ ಹೇಳು. ನನ್ನ ಹೆಸರು ಬೇಡ.

ಇಂತಿ,
ಬರ್ನಿಸ್

ತಾ.ಕ.: ಫೆಬ್ರವರಿ ಇಪ್ಪತ್ತೆಂಟರ ಗೆರೆ ನಲವತ್ತು ನಿಮಿಷ ಇಳಿಯಲೇ ಇಲ್ಲ, ಕಾರಣ ತಿಳಿಯದು ಎಂದು ಬರೆದಿದ್ದೀಯ. ಅವತ್ತು ನೀನು ಮೇಜಿನ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದೆ. ಕಾಲುಚೀಲ ಒಂದು ಕಪ್ಪು, ಒಂದು ಕಂದು. ಸೀಸೆ ನೋಡಲು ನಲವತ್ತು ನಿಮಿಷ ಬೇಕಾಗುವುದಿಲ್ಲ.