ನನ್ನ ಮಗಳ ಪ್ರಬಂಧವನ್ನು ಅಂತರ್ಜಲದಿಂದ ಮೇಲೆತ್ತಿ

ವಿಶ್ವವಿದ್ಯಾಲಯದ ಸಂಶೋಧನಾ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ನನ್ನ ಮಗಳು ಜೀನತ್ ಅಂತರ್ಜಲದ ಬಗ್ಗೆ ಒಂದು ಸಾಲನ್ನೂ ಬರೆದವಳಲ್ಲ. ಅವಳು ಓದಿದ್ದು ಕಂಪ್ಯೂಟರ್ ವಿಜ್ಞಾನ. ಸಂಶೋಧನೆಗೆ ಹೆಸರು ನೋಂದಾಯಿಸಿದ್ದು ಅದೇ ವಿಭಾಗದಲ್ಲಿ, ಪಿಎಚ್‌ಡಿ ಪ್ರಬಂಧ ಒಪ್ಪಿಸಿದ್ದೂ ಅಲ್ಲಿಂದಲೇ. ಆದರೂ ನಿಮ್ಮ ಕಚೇರಿ ಅದಕ್ಕೆ ಅಂತರ್ಜಲದ ವಿಷಯ ಕೋಡ್ ಕೊಟ್ಟು, ಅಂತರ್ಜಲ ತಜ್ಞರಿಂದ ಓದಿಸಿ, ನೀರಿನ ವಿಷಯವೇ ಇಲ್ಲವೆಂದು ವಾಪಸ್ ಕಳಿಸಿದೆ. ವಾಪಸ್ ಬರುವಷ್ಟರಲ್ಲಿ ಜೀನತ್ ಇರಲಿಲ್ಲ. ಜ್ವರ ಅವಳನ್ನು ಕರೆದುಕೊಂಡು ಹೋಗಿತ್ತು.

ನಾನು ಹತ್ತನೇ ತರಗತಿವರೆಗೆ ಚಳ್ಳಕೆರೆಯ ಸರ್ಕಾರಿ ಶಾಲೆಯಲ್ಲಿ ಓದಿದವಳು. ಮನೆಯಲ್ಲಿ ಉರ್ದು, ಬರೆಯುವುದು ಕನ್ನಡ. ದಿನಚರಿ ಬರೆಯುವ ಅಭ್ಯಾಸವಿದೆ, ಅದನ್ನು ಯಾರಿಗೂ ತೋರಿಸಿದವಳಲ್ಲ. ನಿಮಗೆ ಕಳಿಸಿದ ಮನವಿಗಳಿಗೆ ಉತ್ತರ ಬಂದಿದ್ದರೆ ಇದನ್ನೂ ದಿನಚರಿಯಲ್ಲೇ ಬರೆದು ಮುಚ್ಚಿಡುತ್ತಿದ್ದೆ. ಬರಲಿಲ್ಲ. ಹಾಗಾಗಿ ಎಲ್ಲರೂ ಓದುವ ಪತ್ರಿಕೆಗೆ ಕೊಡುತ್ತಿದ್ದೇನೆ.

ನನ್ನ ಗಂಡ ಜಿಲಾನ್ ಬಾಷಾ ಮೋಟರ್ ರಿವೈಂಡಿಂಗ್ ಮೆಕ್ಯಾನಿಕ್. ಕೊಳವೆಬಾವಿಯ ಸುಟ್ಟ ಮೋಟರ್ ನಮ್ಮ ಅಂಗಡಿಗೆ ಬರುತ್ತದೆ. ಅವರು ಬಿಚ್ಚುತ್ತಾರೆ, ನಾನು ಕೂತು ಹೊಸ ತಾಮ್ರದ ತಂತಿಯ ಕಾಯಿಲ್ ಸುತ್ತುತ್ತೇನೆ. ಸುಟ್ಟ ತಂತಿಯ ವಾಸನೆಯಲ್ಲೇ ಜೀನತ್ ಬೆಳೆದಳು. ಮೋಟರ್ ಇರುವುದು ನೂರಾರು ಅಡಿ ಕೆಳಗೆ. ಅದು ಕೆಡುತ್ತಿರುವುದು ಮೇಲಿದ್ದವರಿಗೆ ಕಾಣುವುದಿಲ್ಲ. ಆದರೆ ಸುಡುವುದಕ್ಕೆ ಮೊದಲು ಅದರ ಸದ್ದು ಬದಲಾಗುತ್ತದೆ, ಆ ಸದ್ದು ಪೈಪಿನಗುಂಟ ಮೇಲೆ ಬರುತ್ತದೆ. ಕಂಪ್ಯೂಟರಿಗೆ ಆ ಬದಲಾವಣೆಯನ್ನು ಗುರುತಿಸಲು ಕಲಿಸಬಹುದೇ ಎನ್ನುವುದು ಅವಳ ಪ್ರಶ್ನೆ.

"ಬೇಟಾ, ಮೋಟರ್ ಸುಡದೇ ಇದ್ರೆ ನಿಮ್ಮಬ್ಬ ಏನ್ ತಿನ್ಬೇಕು?" ಎಂದು ಇವರು ಕೆಣಕುತ್ತಿದ್ದರು.

"ಸುಡೋಕೆ ಮುಂಚೆ ಹೋಗಿ ರಿಪೇರಿ ಮಾಡಿ ಅಬ್ಬಾ. ಅಮ್ಮಿಗೆ ಈ ಹೊಗೆ ವಾಸನೆ ಆದ್ರೂ ತಪ್ಪುತ್ತೆ" ಎನ್ನುತ್ತಿದ್ದಳು.

ಮೊಳಕಾಲ್ಮೂರಿನ ಕಡೆಯ ಹೊಲಗಳಿಗೆ ಹೋದಳು. ಕುದಾಪುರದಲ್ಲಿ ದೊಡ್ಡ ದೊಡ್ಡ ವಿಜ್ಞಾನ ಕೇಂದ್ರಗಳ ಬೇಲಿಯ ಪಕ್ಕದಲ್ಲೇ ಪೈಪಿಗೆ ಪುಟ್ಟ ಮೈಕು ಕಟ್ಟಿಕೊಂಡು ಕುಳಿತಳು. ಒಂದೆರಡು ಸಲ ನಾನೂ ಬುತ್ತಿ ಕಟ್ಟಿಕೊಂಡು ಜೊತೆಗೆ ಹೋಗಿದ್ದೆ. ದೊಡ್ಡಉಳ್ಳಾರ್ತಿಯ ರೈತ ತಿಪ್ಪೇರುದ್ರ ಅವಳನ್ನು ನೋಡಿ ನಕ್ಕಿದ್ದು ನೆನಪಿದೆ.

"ಏನವ್ವ, ನಮ್ ಮೋಟ್ರಿಗೂ ಡಾಕ್ಟ್ರು ಬಂದ್ರಾ? ಎದೆ ಬಡಿತ ನೋಡಿ ಹೇಳು, ಇನ್ನೂ ಆಯಸ್ಸು ಐತಾ ಇದಕ್ಕೆ?"

"ನಂಗೆ ಗೊತ್ತಾಗಲ್ಲ ಅಣ್ಣ. ಕಂಪ್ಯೂಟರಿಗೆ ಕಲಿಸ್ತಾ ಇದೀನಿ. ಅದಿನ್ನೂ ಒಂದನೇ ಕ್ಲಾಸು."

"ಜಲ್ದಿ ಪಾಸ್ ಮಾಡ್ಸವ್ವ. ಹೋದ ಸಲ ಮೋಟ್ರು ಸುಟ್ಟಾಗ ನನ್ ಹೆಂಡ್ತಿ ನನ್ ಕೂಡ ಮಾತೇ ಬಿಟ್ಟಿದ್ಳು. ನಾನೇ ಸುಟ್ಟಂಗೆ!"

ಕಷ್ಟ ಏನೆಂದರೆ, ಸುಡುವ ಮುಂಚಿನ ಸದ್ದು ಸುಲಭವಾಗಿ ಸಿಗುವುದಿಲ್ಲ. ಮೋಟರ್ ಯಾವಾಗ ಸುಡುತ್ತದೆಂದು ಯಾರು ಕಾದು ಕೂರುತ್ತಾರೆ? ಕಂಪ್ಯೂಟರಿಗಾದರೋ ಸಾವಿರಾರು ಉದಾಹರಣೆ ಬೇಕಂತೆ. ಸಿಕ್ಕ ಕೆಲವೇ ಸದ್ದುಗಳಿಂದ, ಗಾಳಿ, ಆಡಿನ ಕೂಗು, ಟ್ರ್ಯಾಕ್ಟರ್ ಎಲ್ಲದರ ನಡುವೆ, ಅದಕ್ಕೆ ಕಲಿಸುವುದು ಹೇಗೆ ಎನ್ನುವ ಹೊಸ ದಾರಿಯೇ ಅವಳ ಪ್ರಬಂಧ. ಅವಳ ಮಾರ್ಗದರ್ಶಕಿ ಪುಷ್ಪಲತಾ ಮೇಡಂ ನನಗೆ ಅರ್ಥವಾಗುವ ಹಾಗೆ ಹೇಳಿದರು: "ಕುಲ್ಸುಮ್ ಅವರೇ, ಮೋಟರ್ ಬರೀ ಉದಾಹರಣೆ. ನಾಳೆ ಇದೇ ದಾರಿಯಲ್ಲಿ ಕೆಮ್ಮಿನ ಸದ್ದನ್ನೂ ಕಲಿಸಬಹುದು."

ಉದಾಹರಣೆ ಎನ್ನುವ ಮಾತು ಶೀರ್ಷಿಕೆಯಲ್ಲೇ ಇದೆ ಮಾನ್ಯರೇ. "ಕೆಲವೇ ಮಾದರಿಗಳಿಂದ ಸದ್ದು ಗುರುತಿಸಲು ಯಂತ್ರಕ್ಕೆ ಕಲಿಸುವುದು: ಕೊಳವೆಬಾವಿ ಮೋಟರುಗಳ ಉದಾಹರಣೆ." ನಿಮ್ಮ ಹೊಸ ತಂತ್ರಾಂಶ ಶೀರ್ಷಿಕೆ ನೋಡಿ ತಾನೇ ಕೋಡ್ ಕೊಡುತ್ತದಂತೆ. ಅಷ್ಟು ಮಾತುಗಳಲ್ಲಿ ಅದಕ್ಕೆ ಕಂಡದ್ದು ಕೊಳವೆಬಾವಿ ಒಂದೇ. ಆಮೇಲೆ ಆ ಕೋಡಿನ ಪರೀಕ್ಷಕರ ಗುಂಪಿಗೆ ಪ್ರಬಂಧ ಹೋಯಿತು. ಮೊಳಕಾಲ್ಮೂರು ಸೀರೆಯ ಸೆರಗಿನಲ್ಲಿ ನವಿಲಿದೆ ಎಂದು ಆ ಸೀರೆಯನ್ನು ಪಕ್ಷಿತಜ್ಞರಿಗೆ ಕಳಿಸುತ್ತೀರಾ? ನವಿಲಿನ ಆಹಾರದ ಬಗ್ಗೆ ಮಾಹಿತಿ ಇಲ್ಲವೆಂದು ನೇಕಾರರಿಗೆ ವಾಪಸ್ ಕೊಡುತ್ತೀರಾ?

ಕಂಪ್ಯೂಟರ್ ವಿಜ್ಞಾನದವರು ತಮ್ಮ ವಿಷಯಗಳನ್ನು ಮರದ ಹಾಗೆ ವಿಂಗಡಿಸಿಕೊಂಡಿದ್ದಾರೆ, ದೊಡ್ಡ ಕೊಂಬೆ, ಅದರಿಂದ ಸಣ್ಣ ಕೊಂಬೆ. ಒಂದು ಬರಹ ಎರಡು ಮೂರು ಕೊಂಬೆಗೆ ಸೇರಿದರೆ ಎಲ್ಲವನ್ನೂ ಬರೆದು, ಯಾವುದು ಮುಖ್ಯ ಎಂದೂ ಹೇಳಬಹುದು. ಜೀನತ್ ಹಾಗೆಯೇ ಮೊದಲ ಪುಟದಲ್ಲಿ ಬರೆದಿದ್ದಾಳೆ. ಮೊದಲು ಯಂತ್ರ ಕಲಿಕೆ, ಆಮೇಲೆ ಧ್ವನಿ ವಿಶ್ಲೇಷಣೆ, ಕೊನೆಯಲ್ಲಿ ಕೃಷಿಗೆ ಬಳಕೆ. ನಿಮ್ಮಲ್ಲಿ ಇರುವುದು ಒಂದೇ ಖಾನೆ. ಸರಿ, ಒಂದೇ ಇರಲಿ. ಅವಳೇ ಮೊದಲು ಬರೆದದ್ದನ್ನು ಅದರಲ್ಲಿ ತುಂಬುವುದಕ್ಕೆ ಏನು ಅಡ್ಡಿ ಇತ್ತು? ಈಗ ನಿಮ್ಮ ಜಾಲತಾಣದಲ್ಲಿ ಯಂತ್ರ ಕಲಿಕೆ ಎಂದು ಹುಡುಕಿದರೆ ಅವಳ ಹೆಸರು ಬರುವುದಿಲ್ಲ. ನೀರಿನ ಮಟ್ಟ ಹುಡುಕುವವರಿಗೆ ಸಿಗುತ್ತಾಳೆ, ಅವರಿಗೆ ಅವಳಿಂದ ಏನೂ ಪ್ರಯೋಜನವಿಲ್ಲ. ಇದೇ ಪ್ರಶ್ನೆ ಹಿಡಿದುಕೊಂಡ ಇನ್ನೊಬ್ಬ ಹುಡುಗಿ ಎಲ್ಲೋ ಇದ್ದರೆ, ಅವಳು ಮತ್ತೆ ಮೊದಲಿನಿಂದ ಶುರುಮಾಡಬೇಕು.

ನಿಮ್ಮ ಪರೀಕ್ಷಕರ ವರದಿ ಬಂದಾಗ ನಾವು ಜೀನತ್ ಹೆಸರಿನಲ್ಲಿ ಫಾತಿಹಾ ಓದಿಸಿ, ಬಂದವರಿಗೆ ಊಟ ಹಾಕಿ ದೊಡ್ಡ ಪಾತ್ರೆಗಳನ್ನು ತೊಳೆದಿಡುತ್ತಿದ್ದೆವು. "ಅಂತರ್ಜಲ ಮಟ್ಟ ಹಾಗೂ ಮಳೆಯ ಅಂಕಿಅಂಶ ಇರುವುದಿಲ್ಲ. ಸಂಶೋಧಕರು ಅವನ್ನು ಸೇರಿಸಿ ಮರುಸಲ್ಲಿಸತಕ್ಕದ್ದು." ಯಾರು ಸೇರಿಸಬೇಕು ಮಾನ್ಯರೇ? ಎಲ್ಲಿಂದ ಬಂದು ಸೇರಿಸಬೇಕು?

ಪುಷ್ಪಲತಾ ಮೇಡಂ ಪತ್ರ ಬರೆದರು. ಪ್ರಯೋಜನವಾಗದೆ ನಾವೇ ನಿಮ್ಮ ಕಚೇರಿಗೆ ಬಂದೆವು. ಕಿಟಕಿಯ ಹಿಂದೆ ಕುಳಿತಿದ್ದ ನೌಕರರು ಕೆಟ್ಟವರಲ್ಲ.

"ನೋಡ್ರಮ್ಮ, ಕೋಡ್ ಬದಲಿಸೋಕೆ ಸಂಶೋಧಕರೇ ಬಂದು ಅರ್ಜಿ ಕೊಡ್ಬೇಕು" ಎಂದರು.

"ಅವಳಿಲ್ಲಪ್ಪ."

"ಊರಲ್ಲಿಲ್ವಾ? ಬಂದ್ಮೇಲೆ ಕಳಿಸ್ರಿ."

ನನ್ನ ಗಂಡ ಕಿಟಕಿಯ ಹತ್ತಿರ ಬಂದರು. ಇವರೇ ಹೇಳಿದರು: "ಸಾಹೇಬ್ರೇ, ಅವಳನ್ನ ನನ್ ಕೈಯಾರೆ ಖಬರಸ್ತಾನದಲ್ಲಿ ಮಲಗಿಸಿ ಬಂದೀನಿ."

ಆ ನೌಕರರು ಎದ್ದು ಹೊರಗೆ ಬಂದು ನಮಗೆ ಕುರ್ಚಿ ಹಾಕಿದರು, ನೀರು ಕೊಟ್ಟರು. "ಬೇಜಾರ್ ಮಾಡ್ಕೋಬ್ಯಾಡ್ರಿ. ನನ್ ಕೈಲಿ ಏನೂ ಇಲ್ಲ. ಅವರ ಅರ್ಜಿ ಇಲ್ದೆ ಕಂಪ್ಯೂಟರ್ ತಗೊಳ್ಳಲ್ಲ" ಎಂದರು. ಒಳಗೆ ಹೋಗಿ ಮತ್ತೆ ಕಂಪ್ಯೂಟರ್ ನೋಡಿ, "ಬೇಕಾದ್ರೆ ಅಂತರ್ಜಲ ತೆಗ್ದು 'ಇತರೆ' ಅಂತ ಹಾಕ್ತೀನಿ, ಅದಕ್ಕೆ ಅರ್ಜಿ ಬೇಡ" ಎಂದರು.

ಇತರೆ ಎನ್ನುವ ಕೋಡಿಗೆ ಪರೀಕ್ಷಕರೇ ಇಲ್ಲವಂತೆ. ಅಲ್ಲಿಗೆ ಹೋದದ್ದು ಹಿಂದೆ ಬರುವುದಿಲ್ಲ. ನಮ್ಮ ಜನರನ್ನು ಲೆಕ್ಕ ಹಾಕುವ ಖಾನೆಗಳಲ್ಲೂ ಕಂಡ ಮಾತು ಅದು, ನಮ್ಮ ಮನೆಗೆ ಹೊಸದಲ್ಲ. ಬೇಡವೆಂದು ಎದ್ದು ಬಂದೆವು. ಬಸ್ಸು ಹತ್ತಿ ಚಳ್ಳಕೆರೆಗೆ ಬಂದೆವು. ಇಳಿಯುವಾಗ ಇವರು, "ಕಂಪ್ಯೂಟರಿಗೆ ಕಲಿಸಿದವಳನ್ನ ಕಂಪ್ಯೂಟರ್ ತಗೊಳ್ಳಲ್ವಂತೆ" ಎಂದರು, ಅಷ್ಟೆ.

ಸತ್ತವರು ಅರ್ಜಿ ಕೊಡಬೇಕೆಂಬ ನಿಯಮವನ್ನು ಮಾಡಿದವರು ಯಾರೋ ನನಗೆ ಗೊತ್ತಿಲ್ಲ. ತಪ್ಪು ನಿಮ್ಮ ಕಚೇರಿಯದು. ಅದನ್ನು ತಿದ್ದಿಕೊಳ್ಳಲು ನಿಮಗೆ ನನ್ನ ಮಗಳ ಅನುಮತಿ ಏಕೆ ಬೇಕು? ಕೋಡ್ ಕೊಡುವಾಗ ಅವಳನ್ನು ಕೇಳಿದ್ದಿರಾ?

ನಾವು ಸತ್ತವಳ ಹೆಸರಿನಲ್ಲಿ ಕರುಣೆ ಕೇಳುತ್ತಿಲ್ಲ. ತೀರಿಕೊಂಡಳು ಪಾಪ ಎಂದು ಪದವಿ ಕೊಡಬೇಡಿ, ಅದನ್ನು ಅವಳು ಒಪ್ಪುತ್ತಿರಲಿಲ್ಲ. ಪ್ರಬಂಧವನ್ನು ಅಂತರ್ಜಲದಿಂದ ತೆಗೆದು ಕಂಪ್ಯೂಟರ್ ವಿಜ್ಞಾನಕ್ಕೆ ಸೇರಿಸಿ. ಆ ವಿಷಯ ಬಲ್ಲವರ ಕೈಗೆ ಕೊಡಿ. ನಿಮ್ಮದೇ ಆದೇಶದಲ್ಲಿ, ನಿಮ್ಮದೇ ಸಹಿಯಲ್ಲಿ ಮಾಡಿ. ಅವರು ಪೂರ್ತಿ ಓದಲಿ. ಓದಿ, ಕೆಲಸ ಸಾಲದು ಎಂದರೆ ನಾವು ತಲೆಬಾಗಿ ಒಪ್ಪಿಕೊಳ್ಳುತ್ತೇವೆ. ಬೇಕಾದರೆ ಫೇಲ್ ಮಾಡಿ ಮಾನ್ಯರೇ. ಆದರೆ ಅವಳು ಬರೆದ ಪರೀಕ್ಷೆಯಲ್ಲಿ ಫೇಲ್ ಮಾಡಿ.

ಇಂತಿ,
ಮಗಳ ಪರವಾಗಿ ಸಹಿ ಹಾಕಲು ನಿಮ್ಮ ನಿಯಮದಲ್ಲಿ ಜಾಗವಿಲ್ಲದ ತಾಯಿ,
ಕುಲ್ಸುಮ್ ಬೀ
ಚಳ್ಳಕೆರೆ