ಅಂಜಮ್ಮ ಒತ್ತಿದ ತ್ರಾಸು

ಜೂನ್ ೧೪, ಶನಿವಾರ. ಬೇರಿಕೆ.

ಬೆಳಿಗ್ಗೆ ಅಂಜಮ್ಮ ಅತ್ತದ್ದು ಇನ್ನೂ ಕಿವಿಯಲ್ಲಿದೆ. ನಮ್ಮ ಮಾವಿನ ಸಂಘದ ವೆಬ್‌ಸೈಟಿನಲ್ಲಿ ಹಣ್ಣಿನ ತೂಕ ತುಂಬಿಸುವ ಕೆಲಸ ಅವಳದು. ಗುಂಡಿಯ ಮೇಲೆ ಇಂಗ್ಲಿಷಿನಲ್ಲಿದ್ದ 'ಟ್ರ್ಯಾಶ್' ಎಂಬುದನ್ನು ಕೂಡಿಸಿ ಓದಿ, ತೂಕದ ತ್ರಾಸು ಇರಬೇಕೆಂದು ಒತ್ತಿದ್ದಾಳೆ. ಬಾದಾಮಿ ಮಾವಿನ ಪುಟವೇ ಕಸದ ಬುಟ್ಟಿಗೆ ಹೋಯಿತು.

"ಬ್ಯಾಡಣ್ಣ, ಈ ಕೆಲ್ಸ ಓದ್ದೋರಿಗೇ ಕೊಟ್ಬುಡಿ" ಅಂದಳು.

ಸೈಟು ಕಟ್ಟಿದವಳು ನನ್ನ ಅಕ್ಕನ ಮಗಳು ಭಾನು. ಪುಟವನ್ನು ವಾಪಸ್ಸು ತಂದಳು. ಕೋಡಿನಲ್ಲಿ ಹುಕ್ಕು ಹಾಕಿ, ಅಂಜಮ್ಮನ ಪರದೆಯಿಂದ ಆ ಗುಂಡಿಯನ್ನೇ ತೆಗೆಯುತ್ತೇನೆ ಅಂದಳು. ಹುಕ್ಕು ಅಂದರೆ ಮಾವು ಕೀಳುವ ನಮ್ಮ ದೋಟಿಯ ಕೊಕ್ಕೆಯಂತೆ, ಬೇಕಾದ ಕಡೆ ಸಿಕ್ಕಿಸಿ ಎಳೆಯುವುದು. ನನಗೆ ತಕ್ಷಣ ಹೊಳೆಯಿತು. ನನ್ನ ತಲೆ ಅಂಥದ್ದು.

"ಬರೀ ಕಿತ್ತಾಕ್ಬೇಡ ಕಣವ್ವ. ತ್ರಾಸು ಹುಡುಕ್ದೋಳಿಗೆ ಅಲ್ಲೇ ಒಂದು ತ್ರಾಸು ಇಡು."

"ಮಾವ, ನಿಂಗೂ ಒಸಿ ಬುದ್ಧಿ ಐತೆ ಬುಡು."

ಸಂಜೆ ಅಂಜಮ್ಮ ಹೆದರುತ್ತಲೇ, ಕನ್ನಡದಲ್ಲಿ ಬರೆದಿದ್ದ 'ತ್ರಾಸು' ಒತ್ತಿದಳು. ತೂಕ ತುಂಬುವ ಚೌಕ ತೆರೆಯಿತು. ಬಾದಾಮಿಯ ತೂಕ ತುಂಬಿಸಿ ನನ್ನ ಕಡೆ ತಿರುಗಿದಳು.

"ಅಂಗಾದ್ರೆ ಬೆಳಿಗ್ಗೆ ನಾನು ಓದಿದ್ದು ಸರಿನೇ ಅಲ್ವಾ ಅಣ್ಣ?"

"ಸರಿನೇ ಕಣಮ್ಮ. ಕಂಪ್ಯೂಟರೇ ತಪ್ಪು ಬರ್ಕೊಂಡಿತ್ತು" ಅಂದೆ.

ನಾಳೆಯೂ ಕೆಲಸಕ್ಕೆ ಬರುತ್ತಾಳಂತೆ. ಹುಕ್ಕು ಹಾಕಿದ್ದು ನಾನೇ ಎಂದು ಟೀ ಅಂಗಡಿಯಲ್ಲಿ ಹೇಳಿ ಬಂದಿದ್ದೇನೆ. ಭಾನು ಆ ಕಡೆ ಹೋಗದಿದ್ದರೆ ಸಾಕು.